ಪ್ರಶ್ನೋತ್ತರ ತಾಣಗಳಲ್ಲಿ ನಾವು ಕೇಳಿದ ಪ್ರಶ್ನೆ ಯಾಕೆ ತೆಗೆದುಹಾಕ್ತಾರೆ?

ಮಾದಾಪುರ_ತೋಟ:
ಎಲ್ರಿಗೂ ನಮಸ್ಕಾರ. ಒಂದ್ ವಿಷ್ಯ ಬಹಳ ದಿನದಿಂದ ತಲೇಲಿ ಕೊರೀತಾ ಇದೆ, ಗೊತ್ತಿರೋರು ಬಿಡಿಸಿ ಹೇಳಿ.

ಜುಲೈಲಿ ನಮ್ಮ ಅರೇಬಿಕಾದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಳದಿ ತಿರುಗಿ ಒಣಗೋಕೆ ಶುರು ಆಯ್ತು. ಇಂಗ್ಲಿಷಿನ ಒಂದು ದೊಡ್ಡ ಪ್ರಶ್ನೋತ್ತರ ತಾಣದಲ್ಲಿ ಫೋಟೋ ಹಾಕಿ, ಕಾಫಿ ಗಿಡ ಒಣಗ್ತಾ ಇದೆ ಯಾವ ಔಷಧಿ ಹೊಡೀಬೇಕು ಅಂತ ಕೇಳ್ದೆ. ಬ್ರೆಜಿಲ್, ಕೊಲಂಬಿಯಾ ಕಡೆ ಕಾಫಿ ಬೆಳೆಯೋರು ಅಷ್ಟು ಜನ ಇದಾರಲ್ಲ, ಯಾರಾದ್ರೂ ಹೇಳ್ತಾರೆ ಅಂತ. ಅವತ್ತು ರಾತ್ರಿನೇ ಗಾಳಿಗೆ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯ್ತು, ಟವರ್ ಬ್ಯಾಟ್ರಿ ಇಳಿದ್ಮೇಲೆ ನೆಟ್‌ವರ್ಕೂ ಹೋಯ್ತು. ಮಳೆಗಾಲದಲ್ಲಿ ನಮ್ ಕಡೆ ಇದೇನು ಹೊಸದಲ್ಲ. ಎಲ್ಲ ಸರಿಯಾದ್ಮೇಲೆ ನೋಡಿದ್ರೆ ಪ್ರಶ್ನೆನೇ ಇಲ್ಲ. ಈ ಪುಟ ತೆಗೆಯಲಾಗಿದೆ ಅಂತ ಒಂದೇ ಸಾಲು.

ಬೈದಿಲ್ಲ, ಜಾಹೀರಾತು ಹಾಕಿಲ್ಲ, ಸುಳ್ಳು ಹೇಳಿಲ್ಲ. ಗಿಡ ಸಾಯ್ತಾ ಇದೆ ಅಂತ ಕೇಳೋದು ತಪ್ಪಾ? ತಾಣದ ಹೆಸ್ರು ಬೇಡ, ಜಗಳ ಆಡೋಕೆ ಬಂದಿಲ್ಲ. ಇದು ಹೇಗೆ ನಡೆಯುತ್ತೆ, ಯಾರು ತೆಗೀತಾರೆ, ಯಾಕೆ ತೆಗೀತಾರೆ ಅಷ್ಟು ಗೊತ್ತಾದ್ರೆ ಸಾಕು.

ಶನಿವಾರಸಂತೆ_ಹೈದ:
ನಂದೂ ಹೋಗಿದೆ ಅಣ್ಣ. ಕಾರಣ ಕೇಳಿದ್ರೆ ರೆಡಿಮೇಡ್ ಉತ್ತರ ಬಂತು, ನಮ್ಮ ನಿಯಮ ಓದಿ ಅಂತ. ಯಾವ ನಿಯಮ ಅಂತ ಹೇಳಲ್ಲ.

ಸಂಪಾಜೆ_ಘಾಟಿ:
ಕಾಫಿ ಗಿಡಕ್ಕೆ ಔಷಧಿ ಕೇಳೋಕೆ ಅಮೆರಿಕದವ್ರ ತಾಣಕ್ಕೆ ಯಾಕೆ ಹೋಗ್ತೀರಿ ಮಾರಾಯ್ರೆ, ಚೆಟ್ಟಳ್ಳಿಲಿ ಕಾಫಿ ಬೋರ್ಡಿನ ಸಂಶೋಧನಾ ಉಪಕೇಂದ್ರ ಇಲ್ವಾ?

ಮಾದಾಪುರ_ತೋಟ:
ಚೆಟ್ಟಳ್ಳಿ ಇದೆ, ಹೋಗ್ತೀನಿ. ರಾತ್ರಿ ಹನ್ನೊಂದಕ್ಕೆ ನಿದ್ದೆ ಬರ್ದೆ ಕೂತಿರೋನಿಗೆ ಕಣ್ಣೆದುರು ಇದ್ದಿದ್ದು ಮೊಬೈಲ್. ಅದೂ ಅಲ್ದೆ ನನ್ ಪ್ರಶ್ನೆ ಎಲ್ಲಿ ಕೇಳ್ಬೇಕಿತ್ತು ಅನ್ನೋದಲ್ಲ, ಯಾಕೆ ತೆಗೆದ್ರು ಅನ್ನೋದು.

ಕೋಡ್_ಕುಶಾಲನಗರ:
ಅಣ್ಣ, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲ್ಸ ಮಾಡ್ತೀನಿ, ಪ್ರೋಗ್ರಾಂ ಬರೆಯೋರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋಲಿ ಪ್ರಶ್ನೆ ಪರಿಶೀಲನೆ ಮಾಡೋರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಊಟ ಆದ್ಮೇಲೆ ಕೂತು ಮಾಡೋ ಕೆಲ್ಸ. ಅದ್ರ ನಿಯಮ ಎಲ್ರೂ ಓದೋ ಹಾಗೆ ಬರೆದಿಟ್ಟಿದಾರೆ, ಹಾಗಾಗಿ ಅದನ್ನೇ ಉದಾಹರಣೆ ತಗೋತೀನಿ.

ಮೊದ್ಲನೇದು, ಪ್ರಶ್ನೆ ಮುಚ್ಚೋದು ಬೇರೆ, ತೆಗೆಯೋದು ಬೇರೆ. ಮುಚ್ಚಿದ್ರೆ ಪ್ರಶ್ನೆ ಅಲ್ಲೇ ಇರುತ್ತೆ, ಹೊಸ ಉತ್ತರ ಬರೆಯೋಕೆ ಮಾತ್ರ ಆಗಲ್ಲ. ಅಂದ್ರೆ, ತಡೀರಿ, ಇದನ್ನ ಸರಿ ಮಾಡಿ ತನ್ನಿ ಅಂತ. ತಾಣದಲ್ಲಿ ಗಳಿಸೋ ಅಂಕ 3000 ದಾಟಿದ ಬಳಕೆದಾರರಿಗೆ ಮುಚ್ಚೋ ವೋಟ್ ಸಿಗುತ್ತೆ. ಮೊದ್ಲು ಐದು ವೋಟ್ ಬೇಕಿತ್ತು, 2019ರಲ್ಲಿ ಅದನ್ನ ಮೂರಕ್ಕೆ ಇಳಿಸಿದ್ರು. ಕಾರಣಗಳು ಹೆಚ್ಚುಕಡ್ಮೆ ಇವೇ: ಈ ಪ್ರಶ್ನೆ ಹಿಂದೇನೇ ಯಾರೋ ಕೇಳಿದಾರೆ, ತಾಣದ ವಿಷಯಕ್ಕೆ ಸೇರಲ್ಲ, ವಿವರ ಸಾಲ್ದು, ಒಂದರಲ್ಲೇ ನಾಲ್ಕು ಪ್ರಶ್ನೆ ತುಂಬಿದಾರೆ, ಅಥ್ವಾ ಉತ್ತರ ಬರೀ ಅಭಿಪ್ರಾಯ ಆಗುತ್ತೆ.

ಎರಡನೇದು, ನಿಮಗೆ ಆಗಿರೋದು ಇದೇ ಅನ್ಸುತ್ತೆ, ತೆಗೆಯೋದನ್ನ ಬಹಳ ಸಲ ಮನುಷ್ಯ ಮಾಡೋದೇ ಇಲ್ಲ. ಸ್ಟ್ಯಾಕ್ ಓವರ್‌ಫ್ಲೋಲಿ ಒಂದು ಪ್ರೋಗ್ರಾಂ ಓಡ್ತಾ ಇರುತ್ತೆ. ಮುಚ್ಚಿದ ಪ್ರಶ್ನೆಗೆ ಒಂದೂ ಮೆಚ್ಚಿದ ಉತ್ತರ ಇಲ್ದೆ, ಪ್ರಶ್ನೆಗೂ ಪ್ಲಸ್ ಅಂಕ ಇಲ್ದೆ 9 ದಿನ ಕಳೆದ್ರೆ ಅದು ತಾನಾಗೇ ಹೋಗುತ್ತೆ. ಮುಚ್ಚದೇ ಇದ್ರೂ ಮೈನಸ್ ಅಂಕ ಇದ್ದು ಉತ್ತರ ಇಲ್ದಿದ್ರೆ 30 ದಿನಕ್ಕೆ ಹೋಗುತ್ತೆ. ಯಾರೂ ನೋಡದೆ ಸೊನ್ನೆ ಅಂಕದಲ್ಲೇ ಬಿದ್ದಿರೋವು ವರ್ಷಕ್ಕೆ ಹೋಗ್ತವೆ. ಡುಪ್ಲಿಕೇಟ್, ಅಂದ್ರೆ ಹಿಂದೇನೇ ಕೇಳಿದ್ದು, ಅಂತ ಮುಚ್ಚಿದ್ದನ್ನ ಮಾತ್ರ ಆ 9 ದಿನದ ಲೆಕ್ಕಕ್ಕೆ ತಗೊಳಲ್ಲ, ಯಾಕಂದ್ರೆ ಬೇರೆ ಪದ ಹಾಕಿ ಹುಡುಕೋರಿಗೆ ಅದೇ ದಾರಿ ತೋರ್ಸುತ್ತೆ.

ನೀವು ಕರೆಂಟ್ ಇಲ್ದೆ ಕೂತಿದ್ದಾಗ ಅಲ್ಲಿ ಯಾರೋ "ಗಿಡ ಎಷ್ಟು ವರ್ಷದ್ದು, ಕಾಂಡ ನೋಡಿದ್ರಾ" ಅಂತ ಕೇಳಿರ್ತಾರೆ. ಉತ್ತರ ಬಂದಿಲ್ಲ. ವಿವರ ಸಾಲ್ದು ಅಂತ ಮುಚ್ಚಿರ್ತಾರೆ. ಆಮೇಲೆ ಗಡಿಯಾರ ಓಡುತ್ತೆ.

ಮಾದಾಪುರ_ತೋಟ:
ಅಂದ್ರೆ ಮಳೆ ಬಂದು ಕರೆಂಟ್ ಹೋಗಿದ್ದಕ್ಕೆ ನನ್ ಪ್ರಶ್ನೆ ಹೋಯ್ತಾ? ಪ್ರಪಂಚದಲ್ಲಿ ಎಲ್ರಿಗೂ ಇಪ್ಪತ್ನಾಲ್ಕು ಗಂಟೆ ನೆಟ್ ಇರುತ್ತೆ ಅಂದ್ಕೊಂಡು ಮಾಡಿದ ನಿಯಮ ಇದು. ನಂಗೆ ನ್ಯಾಯ ಅನ್ಸಲ್ಲ.

ಸೋಮವಾರಪೇಟೆ_ಮೇಷ್ಟ್ರು:
ನ್ಯಾಯ ಅನ್ಯಾಯ ಆಮೇಲೆ ನೋಡೋಣ, ಆ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ. ಯಾಹೂ ಆನ್ಸರ್ಸ್ ನೆನಪಿದೆಯಾ? 2005ರಲ್ಲಿ ಶುರುವಾಯ್ತು, ಯಾರು ಏನು ಬೇಕಾದ್ರೂ ಕೇಳ್ಬಹುದಿತ್ತು. ನಮ್ಮ ಶಾಲೆ ಮಕ್ಕಳು ಕಂಪ್ಯೂಟರ್ ರೂಮಲ್ಲಿ ಕೂತು ಹೋಂವರ್ಕ್ ಪ್ರಶ್ನೆ ಅಲ್ಲಿ ಹಾಕೋರು, ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬಿ ತುಳುಕ್ತಿತ್ತು, ಒಳ್ಳೇ ಉತ್ತರ ಹುಡುಕೋದು ಕಷ್ಟ ಆಗೋಯ್ತು. ತಿಳಿದೋರು ಒಬ್ಬೊಬ್ರೇ ಬಿಟ್ಟುಹೋದ್ರು. 2021ರ ಮೇ 4ಕ್ಕೆ ಬಾಗಿಲು ಹಾಕಿದ್ರು. ತೆಗೆಯೋರು ಇಲ್ಲದ ಜಾಗದಲ್ಲಿ ಉತ್ತರ ಕೊಡೋರೂ ಉಳಿಯಲ್ಲ.

ಕಳೆ ತೆಗೀದೆ ತೋಟ ಇಟ್ಕೊಳ್ಳೋಕೆ ಆಗುತ್ತಾ, ನೀವೇ ಹೇಳಿ.

ಮಾದಾಪುರ_ತೋಟ:
ಮೇಷ್ಟ್ರೆ, ಕಳೆ ತೆಗೀಬೇಕು, ಒಪ್ಪಿದೆ. ಆದ್ರೆ ಹೊಸಬ್ರನ್ನ ಕಳೆ ತೆಗೆಯೋಕೆ ಬಿಟ್ರೆ ನಾವು ಹಿಂದೆಯಿಂದ ನೋಡ್ತಾ ಹೋಗ್ತೀವಿ, ಮೆಣಸಿನ ಬಳ್ಳಿನೂ ಕಿತ್ತು ಹಾಕಿಬಿಡ್ತಾರೆ ಅಂತ. ಅಲ್ಲಿ ಹಿಂದೆಯಿಂದ ನೋಡೋರು ಯಾರು?

ಗೋಣಿಕೊಪ್ಪ_ಅಕ್ಕ:
ನಾನು ಅಡುಗೆ ಪ್ರಶ್ನೋತ್ತರ ಒಂದ್ರಲ್ಲಿ ಕಾಚಂಪುಳಿ ಸಿಗದೇ ಇದ್ರೆ ಬದ್ಲು ಏನು ಹಾಕ್ಬಹುದು ಅಂತ ಕೇಳಿದ್ದೆ, ನನ್ ತಂಗಿ ದುಬೈಲಿ ಇರೋದು, ಅವಳಿಗೋಸ್ಕರ. ಹುಣಸೆಹಣ್ಣಿಗೆ ಬದಲಿ ಏನು ಅನ್ನೋ ಹಳೇ ಪ್ರಶ್ನೆ ತೋರ್ಸಿ, ಅದೂ ಇದೂ ಒಂದೇ ಅಂತ ಮುಚ್ಚಿದ್ರು. ಹೇಗೆ ಒಂದೇ ಆಗುತ್ತೆ? ಕಾಚಂಪುಳಿ ಅಂದ್ರೆ ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿ ಆಗೋವರ್ಗೂ ಕುದಿಸಿದ್ದು, ಬಾಟ್ಲಿಲಿ ವರ್ಷಗಟ್ಲೆ ಇಟ್ರೂ ಕೆಡಲ್ಲ. ಹಂದಿ ಮಾಂಸದ ಪಂದಿಕರಿಗೆ ಕೊನೇಲಿ ಒಂದೆರಡು ಚಮಚ ಹಾಕಿದ್ರೆ ಸಾಕು. ಹುಣಸೆ ಹಾಕಿ ಮಾಡಿದ್ರೆ ಅದು ಸಾರು ಆಗುತ್ತೆ, ಪಂದಿಕರಿ ಅಲ್ಲ.

ಪೊನ್ನಂಪೇಟೆ_ಫಾರೆಸ್ಟ್ರಿ:
ಅಕ್ಕ ಹೇಳೋದು ಸರಿ, ಹುಳಿನೇ ಬೇರೆ. ಹುಣಸೇಲಿ ಇರೋದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ, ಕಾಚಂಪುಳಿ ಮಾಡೋ ಗಾರ್ಸೀನಿಯಾ ಹಣ್ಣಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ಕೋಡ್_ಕುಶಾಲನಗರ:
ಅಕ್ಕ, ಆ ಪ್ರಶ್ನೆ ಇನ್ನೂ ಇದ್ರೆ ಹೊಸದಾಗಿ ಕೇಳೋಕೆ ಹೋಗ್ಬೇಡಿ, ಅದನ್ನೇ ಎಡಿಟ್ ಮಾಡಿ. ಈಗ ಇಲ್ಲಿ ಬರೆದಿರೋದನ್ನೇ ಹಾಕಿ: ಹುಣಸೆ ಪ್ರಶ್ನೆ ನೋಡಿದೀನಿ, ಅಲ್ಲಿರೋ ಉತ್ತರ ಇದಕ್ಕೆ ಯಾಕೆ ಹೊಂದಲ್ಲ, ವ್ಯತ್ಯಾಸ ಏನು ಅಂತ. ಸ್ಟ್ಯಾಕ್ ಎಕ್ಸ್‌ಚೇಂಜ್ ಅನ್ನೋ ಗುಂಪಿನ ತಾಣಗಳಲ್ಲಾದ್ರೆ, ಸ್ಟ್ಯಾಕ್ ಓವರ್‌ಫ್ಲೋನೂ ಅದ್ರದ್ದೇ, ಮುಚ್ಚಿದ ಪ್ರಶ್ನೆನ ಕೇಳಿದೋರೇ ತಿದ್ದಿದಾಗ ಅದು ಮತ್ತೆ ತೆರೀಬೇಕಾ ಅಂತ ನೋಡೋ ಸಾಲಿಗೆ ಹೋಗುತ್ತೆ. ಹೊಸದಾಗಿ ಹಾಕಿದ್ರೆ ಅದೂ ಡುಪ್ಲಿಕೇಟ್, ಹಾಗೆ ಸಾಲಾಗಿ ಮೈನಸ್ ಬಿದ್ರೆ ಪ್ರಶ್ನೆ ಕೇಳೋಕೇ ತಡೆ ಬೀಳುತ್ತೆ.

ಗೋಣಿಕೊಪ್ಪ_ಅಕ್ಕ:
ಇದನ್ನ ಅಲ್ಲೇ ಯಾರಾದ್ರೂ ಎರಡು ಸಾಲಲ್ಲಿ ಹೇಳಿದ್ರೆ ಏನಾಗ್ತಿತ್ತು ತಮ್ಮ? ನಾನು ಅವತ್ತೇ ಲಾಗ್ಔಟ್ ಆದೋಳು ಮತ್ತೆ ಹೋಗಿಲ್ಲ.

ಕೋಡ್_ಕುಶಾಲನಗರ:
ಹೇಳ್ಬೇಕಿತ್ತು ಅಕ್ಕ, ಇದ್ರಲ್ಲಿ ನಿಮ್ ಪರ ನಾನು. ಮುಚ್ಚೋನು ಒಂದು ಬಟನ್ ಒತ್ತಿ ಮುಂದೆ ಹೋಗ್ತಾನೆ. ಸಾಲಲ್ಲಿ ಇನ್ನೂ ರಾಶಿ ಇರುತ್ತೆ.

ನಾಪೋಕ್ಲು_ನಾಡು:
ನಂದು ಇನ್ನೂ ಬೇರೆ ಥರ. ಕೈಲ್ ಪೊಳ್ದ್, ಅದೇ ನಮ್ಮ ಆಯುಧ ಪೂಜೆ ಹಬ್ಬದ ಬಗ್ಗೆ ಒಂದು ಕಡೆ ಬರೀತಾ, ಕೋವಿಗೆ ತೋಕ್ ಪೂ ಅನ್ನೋ ಹೂವು ಇಡೋ ಪದ್ಧತಿ ಎಲ್ಲೆಲ್ಲಿ ಇದೆ, ಬೇರೆ ಸಮುದಾಯದಲ್ಲೂ ಆಯುಧಕ್ಕೆ ಹೀಗೆ ನಿರ್ದಿಷ್ಟ ಹೂವು ಇಡ್ತಾರಾ ಅಂತ ಕೇಳ್ದೆ. ಪೂಜೆಗೆ ಇಟ್ಟಿದ್ದ ಕೋವಿ ಫೋಟೋನೂ ಹಾಕಿದ್ದೆ. ಕೂತಿದ್ದ ಹಾಗೇ ತೆಗೆದುಬಿಟ್ರು, ಆಯುಧ ಪ್ರಚಾರ ಅಂತೆ. ನಮ್ಮಲ್ಲಿ ಕೊಡವ ಜನಾಂಗದವ್ರಿಗೂ ಜಮ್ಮಾ ಅನ್ನೋ ಹಳೇ ಪದ್ಧತಿಯ ಜಮೀನು ಹಿಡುವಳಿದಾರರಿಗೂ ಕೋವಿ ಲೈಸೆನ್ಸಿಂದ ಕಾನೂನಿನ ವಿನಾಯ್ತಿನೇ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರ್ಗೂ ಮುಂದುವರ್ಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಹಬ್ಬದ ಹೂವಿನ ಪ್ರಶ್ನೆ ಕೇಳಿದೋನನ್ನ ಆಯುಧ ಮಾರೋನ ಥರ ನೋಡಿದ್ರೆ ಬೇಜಾರಾಗುತ್ತೆ.

ಶನಿವಾರಸಂತೆ_ಹೈದ:
ಅದು ಪಕ್ಕಾ ಮೆಷಿನ್ ಕೆಲ್ಸ. ಮನುಷ್ಯ ಅಷ್ಟು ಬೇಗ ಓದಲ್ಲ.

ಕೋಡ್_ಕುಶಾಲನಗರ:
ಹೌದು. ದೊಡ್ಡ ತಾಣಗಳಿಗೆ ಬರೋ ಪ್ರಶ್ನೆನೆಲ್ಲ ಜನ ಕೂತು ಓದೋಕೆ ಆಗಲ್ಲ. ಕ್ವೋರಾ ಅನ್ನೋ ಪ್ರಶ್ನೋತ್ತರ ತಾಣ 2018ರಲ್ಲಿ ಡೇಟಾ ಸ್ಪರ್ಧೆ ನಡೆಸೋ ತಾಣ ಕ್ಯಾಗಲ್‌ನಲ್ಲಿ ಒಂದು ಸ್ಪರ್ಧೆ ಇಟ್ಟಿತ್ತು, ಪ್ರಾಮಾಣಿಕ ಅಲ್ಲದ ಪ್ರಶ್ನೆನ ಕಂಪ್ಯೂಟರ್ ಗುರುತಿಸ್ಬೇಕು ಅಂತ. ಕಲಿಸೋಕೆ ಕೊಟ್ಟಿದ್ದೇ 13 ಲಕ್ಷಕ್ಕೂ ಜಾಸ್ತಿ ಇಂಗ್ಲಿಷ್ ಪ್ರಶ್ನೆ, ಅದ್ರಲ್ಲಿ ಸುಮಾರು 6 ಪರ್ಸೆಂಟ್ ಕೆಟ್ಟ ಉದ್ದೇಶದವು ಅಂತ ಗುರುತು ಹಾಕಿದ್ರು. ಗುರುತು ಹಾಕಿದ್ದು ಹೇಗಂದ್ರೆ, ಕೇಳೋದಕ್ಕಿಂತ ಏನೋ ಹೇಳೋಕೇ ಬರೆದಿದ್ದು, ಒಂದು ಜನಾಂಗನ ಕೀಳು ಮಾಡೋದು, ಸುಳ್ಳಿನ ಮೇಲೆ ನಿಂತಿದ್ದು, ಬೆಚ್ಚಿಬೀಳಿಸೋಕೆ ಅಂತಾನೇ ಅಶ್ಲೀಲ ಬರೆದಿದ್ದು. ಇಂಥ ಮೆಷಿನ್‌ಗೆ ಬಂದೂಕು ಗೊತ್ತು, ನಮ್ಮ ಹಬ್ಬ ಗೊತ್ತಿಲ್ಲ.

ಸೋಮವಾರಪೇಟೆ_ಮೇಷ್ಟ್ರು:
ಈ ಥರದ ಕೆಟ್ಟ ಉದ್ದೇಶದ ಪ್ರಶ್ನೆಗಳನ್ನ ತೆಗೆಯೋದು ಬಹಳ ಅಗತ್ಯ, ಅದನ್ನೂ ಹೇಳ್ಬಿಡ್ತೀನಿ. ಕೊಡಗಿನೋರಿಗೆ ಯಾಕೆ ಇಷ್ಟು ಅಹಂಕಾರ, ಆ ಜನಾಂಗದವ್ರು ಯಾಕೆ ಹೀಗೆ, ಈ ಊರಿನ ಹೆಂಗಸ್ರು ಯಾಕೆ ಹಾಗೆ, ಇವೆಲ್ಲ ಕೊನೇಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ ಬೈಗುಳ. ಅದಕ್ಕೆ ಬರೋ ಉತ್ತರ ಇನ್ನೂ ಹೊಲಸು. ನಮ್ಮ ಊರ ಮಕ್ಕಳು ಅದನ್ನ ಓದ್ತಾವೆ. ಅಂಥವು ಐದು ನಿಮಿಷ ನಿಂತ್ರೂ ಜಾಸ್ತಿ ಆಯ್ತು.

ನಾಪೋಕ್ಲು_ನಾಡು:
ಅದಕ್ಕೆ ಯಾರು ಬೇಡ ಅಂತಾರೆ ಸಾರ್. ಬೈಗುಳನೂ ಹೂವಿನ ಪ್ರಶ್ನೆನೂ ಒಂದೇ ಗುಂಡಿಗೆ ಹಾಕ್ಬೇಡಿ ಅಂತಷ್ಟೇ ನನ್ ಮಾತು.

ಪೊನ್ನಂಪೇಟೆ_ಫಾರೆಸ್ಟ್ರಿ:
ಒಳ್ಳೇ ಉದ್ದೇಶದ ಪ್ರಶ್ನೆನೂ ತೆಗೀಬೇಕಾಗುತ್ತೆ ಕೆಲವು ಸಲ. ನಾನು ಅಣಬೆ ಗುಂಪೊಂದ್ರಲ್ಲಿ ನೋಡ್ಕೊಳ್ಳೋ ಕೆಲ್ಸದಲ್ಲಿದೀನಿ. ಮಳೆ ಶುರುವಾದ್ರೆ ಸಾಕು, ಬೆಳಿಗ್ಗೆ ಕುಮ್ಮು, ಅಂದ್ರೆ ಅಣಬೆ, ಕಿತ್ತು ಫೋಟೋ ಹಾಕಿ ಇದನ್ನ ತಿನ್ಬಹುದಾ ಅಂತ ಕೇಳ್ತಾರೆ. ಒಲೆ ಮೇಲೆ ಪಾತ್ರೆ ಇಟ್ಟಾಗಿರುತ್ತೆ. ತಿನ್ಬಹುದಾ ಅನ್ನೋ ರೂಪದ ಪ್ರಶ್ನೆನೇ ನಾವು ತೆಗೀತೀವಿ, ಇದು ಯಾವ ಜಾತಿ ಇರ್ಬಹುದು ಅಂತ ಕೇಳಿದ್ರೆ ಇಡ್ತೀವಿ, ಅದೂ ಅಡಿಭಾಗ, ಬುಡ, ಬೆಳೆದ ಜಾಗ ಎಲ್ಲಾ ತೋರ್ಸಿದ್ರೆ. ಫೋಟೋ ನೋಡಿ ಯಾರೋ "ಆರಾಮಾಗಿ ತಿನ್ನಿ" ಅಂದು, ಅವ್ರು ತಿಂದು ಲಿವರ್ ಹೋದ್ರೆ? ಕೆಲವು ವಿಷದ ಅಣಬೆ ತಿಂದ್ರೆ ವಾಂತಿ ಶುರುವಾಗೋಕೇ ಎಷ್ಟೋ ಗಂಟೆ ಆಗುತ್ತೆ, ಅಷ್ಟರಲ್ಲಿ ಒಳಗೆ ಹಾನಿ ಆಗಿರುತ್ತೆ. ಇದ್ರಲ್ಲಿ ನಾನು ಒಂದ್ ಇಂಚೂ ಹಿಂದೆ ಸರಿಯಲ್ಲ, ಎಷ್ಟು ಬೈದ್ರೂ ಸರಿ.

ಆನೆ ಬೇಲಿದೂ ಹಾಗೇ. ಸೋಲಾರ್ ಬೇಲಿಗೆ ಯಾವ ಎನರ್ಜೈಸರ್, ಅಂದ್ರೆ ಬೇಲಿಗೆ ಸಣ್ಣ ಝಟಕಾ ಕೊಡೋ ಯಂತ್ರ, ಒಳ್ಳೇದು ಅಂತ ಕೇಳಿದ್ರೆ ಇರಲಿ. ಮೇನ್ ಲೈನಿಂದ ನೇರ ಬೇಲಿಗೆ ಕರೆಂಟ್ ಕೊಡೋದು ಹೇಗೆ ಅಂತ ಕೇಳಿದ್ರೆ ಅದು ಆನೆಗೂ ಸಾವು, ಬೆಳಿಗ್ಗೆ ಕೆಲ್ಸಕ್ಕೆ ಬರೋ ಆಳಿಗೂ ಸಾವು, ಕೊಟ್ಟೋನಿಗೆ ಜೈಲು. ಅದನ್ನ ತೆಗೀಲೇಬೇಕು.

ಸಂಪಾಜೆ_ಘಾಟಿ:
ಆನೆ ಅಂದ್ಮೇಲೆ ನೆನಪಾಯ್ತು, ಸಿದ್ದಾಪುರ ಕಡೆ ಈಗ ಹೇಗಿದೆ? ನಾಳೆ ಬೆಳಿಗ್ಗೆ ಬೈಕಲ್ಲಿ ಹೋಗೋದಿದೆ.

ಗೋಣಿಕೊಪ್ಪ_ಅಕ್ಕ:
ಬೆಳಕು ಹರಿದ್ಮೇಲೆ ಹೋಗಪ್ಪ, ಅವಸರ ಬೇಡ.

ಕಕ್ಕಬ್ಬೆ_ಜೇನು:
ಪೊನ್ನಂಪೇಟೆಯವ್ರೆ, ಆರೋಗ್ಯದ ಪ್ರಶ್ನೆಗೆಲ್ಲ ಒಂದೇ ಅಳತೆ ಹಿಡಿದ್ರೆ ಆಗುತ್ತಾ? ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾಗಿದ್ದು ನೋಡಿ ನಮ್ಮ ಹೊಸ ಸೊಸೆ ಹೆದರಿಬಿಟ್ಲು, ಬಯಲುಸೀಮೆ ಹುಡುಗಿ ಪಾಪ. ಯಾಕೆ ಹೀಗಾಗುತ್ತೆ ಅಂತ ಒಂದ್ ಕಡೆ ಕೇಳಿದ್ಲು. ವೈದ್ಯಕೀಯ ಸಲಹೆ ಕೊಡಲ್ಲ ಅಂತ ತೆಗೆದ್ರು. ಅವಳು ಔಷಧಿ ಕೇಳಿಲ್ಲ, ಸೊಪ್ಪಿನ ಬಣ್ಣದ ಕಾರಣ ಕೇಳಿದ್ದು. ಗೊತ್ತಿರೋ ಒಬ್ರು ಸಿಕ್ಕಿದ್ರೆ ಒಂದೇ ಮಾತಲ್ಲಿ ಸಮಾಧಾನ ಆಗ್ತಿತ್ತು.

ಪೊನ್ನಂಪೇಟೆ_ಫಾರೆಸ್ಟ್ರಿ:
ಸೊಪ್ಪಿನ ಬಣ್ಣನೇ ಹಾಗೆ ಹೊರಗೆ ಬರೋದು, ಕುದಿಸಿದಾಗ ನೀರು ನೇರಳೆ ಆಗಲ್ವಾ ಅದೇ. ಗಿಡದ ಹೆಸ್ರು ಜಸ್ಟಿಸಿಯಾ ವೈನಾಡೆನ್ಸಿಸ್. ಸಸ್ಯಶಾಸ್ತ್ರದ ವಿಭಾಗದಲ್ಲಿ ಈ ಹೆಸರು ಹಾಕಿ, ಇದ್ರಲ್ಲಿರೋ ಬಣ್ಣದ ಅಂಶ ಯಾವುದು ಅಂತ ಕೇಳಿದ್ರೆ ನಿಲ್ತಿತ್ತು. ನನ್ ಮೂತ್ರ ಕೆಂಪಾಗಿದೆ ಅಂತ ಶುರು ಮಾಡಿದ್ರೆ ತೆಗೆಯೋನು ಮುಂದೆ ಓದೋದೇ ಇಲ್ಲ. ಅವನ ಮನಸ್ಸಿಗೆ ಬರೋದು ರಕ್ತ, ಕಿಡ್ನಿ. ಅವನಿಗೆ ಕಕ್ಕಡ ಎಲ್ಲಿ ಗೊತ್ತು?

ಕಕ್ಕಬ್ಬೆ_ಜೇನು:
ಹಂಗಾದ್ರೆ ನಮ್ಮ ಊರಿನ ವಿಷ್ಯ ಕೇಳ್ಬೇಕಂದ್ರೆ ನಮ್ಮ ಊರನ್ನೇ ಬಿಟ್ಟು ಕೇಳ್ಬೇಕು ಅನ್ನಿ.

ಮಾದಾಪುರ_ತೋಟ:
ಇದೇ! ಇದೇ ನನ್ ತಕರಾರು. ಇಂಗ್ಲಿಷ್ ಚೆನ್ನಾಗಿ ಬರೋನು, ಅವ್ರ ರೀತಿ ಗೊತ್ತಿರೋನು ಕೇಳಿದ್ರೆ ನಿಲ್ಲುತ್ತೆ, ನಾವು ಕೇಳಿದ್ರೆ ಹೋಗುತ್ತೆ. ತೆಗೆಯೋನಿಗೆ ವಿಷ್ಯ ಗೊತ್ತಿಲ್ಲ ಅಂದ್ರೆ ಅವನು ಗೊತ್ತಿರೋರಿಗೆ ಬಿಡ್ಬೇಕು.

ಕೋಡ್_ಕುಶಾಲನಗರ:
ಸ್ವಲ್ಪ ಮಟ್ಟಿಗೆ ಹಾಗಿದೆ ಅಣ್ಣ. ಒಂದು ವಿಷಯದಲ್ಲಿ ಬಹಳ ಉತ್ತರ ಕೊಟ್ಟು ಚಿನ್ನದ ಬ್ಯಾಡ್ಜ್ ತಗೊಂಡೋನು ಆ ವಿಷಯದ ಡುಪ್ಲಿಕೇಟ್ ಪ್ರಶ್ನೆನ ಒಬ್ನೇ ಮುಚ್ಚಬಹುದು, ತಪ್ಪಾಗಿ ಮುಚ್ಚಿದ್ರೆ ಒಬ್ನೇ ತೆರೀಲೂಬಹುದು. ಆದ್ರೆ ಅದು ಜನ ಇರೋ ವಿಷಯಕ್ಕೆ. ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆ‌ಗೆ ಜನ ಇದಾರೆ, ಕಾಫಿ ತೋಟಕ್ಕೆ ಇಲ್ಲ. ನೋಡೋರು ಇಲ್ಲದ ವಿಷಯದ ಪ್ರಶ್ನೆಗೆ ಪ್ಲಸ್ ವೋಟೂ ಬೀಳಲ್ಲ, ಉತ್ತರನೂ ಬರಲ್ಲ, ಕೊನೆಗೆ ಆ ಪ್ರೋಗ್ರಾಂ ಕೈಗೆ ಸಿಗುತ್ತೆ.

ಒಂದೊಂದು ಕಡೆ ಒಂದೊಂದು ನಿಯಮ, ಅದನ್ನೂ ನೋಡ್ಬೇಕು. ರೆಡ್ಡಿಟ್‌ನ ಇತಿಹಾಸ ಪ್ರಶ್ನೋತ್ತರ ಗುಂಪು ಆಸ್ಕ್ ಹಿಸ್ಟೋರಿಯನ್ಸ್‌ನಲ್ಲಿ ಕಳೆದ 20 ವರ್ಷದ ಘಟನೆ ಕೇಳೋ ಹಾಗೇ ಇಲ್ಲ. ನಮ್ಮ ಕೊಡಗಿನ 2018ರ ಭೂಕುಸಿತದ ಬಗ್ಗೆ ಅಲ್ಲಿ ಎಷ್ಟೇ ಚೆನ್ನಾಗಿ ಕೇಳಿದ್ರೂ 2038ರ ವರ್ಗೂ ನಿಲ್ಲಲ್ಲ. ಕ್ವೋರಾದಲ್ಲಿ 2017ರಲ್ಲಿ ಪ್ರಶ್ನೆ ಕೆಳಗಿನ ವಿವರದ ಜಾಗನೇ ತೆಗೆದುಹಾಕಿದ್ರು, ಎಲ್ಲಾ ಒಂದೇ ಸಾಲಲ್ಲಿ ತುಂಬ್ಬೇಕಾಯ್ತು. ಒಂದ್ ಕಡೆ ವಿವರ ಇಲ್ಲ ಅಂತ ತೆಗೀತಾರೆ, ಇನ್ನೊಂದ್ ಕಡೆ ವಿವರಕ್ಕೆ ಜಾಗನೇ ಇಲ್ಲ.

ಸೋಮವಾರಪೇಟೆ_ಮೇಷ್ಟ್ರು:
2018ರದ್ದು ಕೇಳ್ಬೇಡಿ ಅಂದ್ರೆ ಹೇಗೆ? ಕಣ್ಣಾರೆ ನೋಡಿದೋರು ಈಗ್ಲೇ ಹೇಳ್ಬೇಕಲ್ವಾ.

ಕೋಡ್_ಕುಶಾಲನಗರ:
ಇತಿಹಾಸ ಅಂತ ದೂರ ನಿಂತು ನೋಡೋಕೆ ಸಮಯ ಬೇಕು, ಇಲ್ದಿದ್ರೆ ರಾಜಕೀಯ ಜಗಳ ಆಗುತ್ತೆ ಅನ್ನೋದು ಅವ್ರ ವಾದ. ಕಣ್ಣಾರೆ ಕಂಡಿದ್ದಕ್ಕೆ ಬೇರೆ ಜಾಗ ಇದೆ.

ವಿರಾಜಪೇಟೆ_ವಕೀಲ:
ಕಾನೂನಿನ ಕಡೆಯಿಂದ ಎರಡು ಮಾತು. 2021ರ ಐಟಿ ನಿಯಮದ ಪ್ರಕಾರ ಇಂಥ ತಾಣಗಳಲ್ಲಿ ದೂರು ಅಧಿಕಾರಿ ಇರ್ಬೇಕು, ದೂರು ಬಂದಿದ್ದನ್ನ 24 ಗಂಟೇಲಿ ಒಪ್ಕೊಳ್ಬೇಕು, ಸಾಮಾನ್ಯವಾಗಿ 7 ದಿನದಲ್ಲಿ ಇತ್ಯರ್ಥ ಮಾಡ್ಬೇಕು, 2026ರ ತಿದ್ದುಪಡಿಗೆ ಮುಂಚೆ 15 ದಿನ ಇತ್ತು. ನಮ್ಮ ದೇಶದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರೋ ದೊಡ್ಡ ಸೋಷಿಯಲ್ ಮೀಡಿಯಾ ತಾಣ, ನಿಷೇಧಿತ ವಿಷಯ ಅಂತ ತಾನಾಗೇ ಏನಾದ್ರೂ ತೆಗೆದ್ರೆ ಬರೆದೋರಿಗೆ ಕಾರಣ ತಿಳಿಸ್ಬೇಕು, ತಕರಾರು ಹೇಳೋಕೆ ಅವಕಾಶನೂ ಕೊಡ್ಬೇಕು. ದೂರು ಅಧಿಕಾರಿ ಉತ್ತರ ಸರಿ ಅನ್ನಿಸದಿದ್ರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗ್ಬಹುದು, 2023ರಿಂದ ಇದೆ, ಆನ್‌ಲೈನಲ್ಲೇ ಹಾಕೋದು.

ನಾಪೋಕ್ಲು ಅಣ್ಣನ ವಿಷ್ಯದಲ್ಲಿ ಈ ದಾರಿ ನೋಡ್ಬಹುದು. ಮಾದಾಪುರದವ್ರದ್ದು, ಅಕ್ಕನದ್ದು ಬೇರೆ. ವಿವರ ಸಾಲ್ದು, ಡುಪ್ಲಿಕೇಟ್ ಅನ್ನೋದು ಆ ಸಮುದಾಯದ ಒಳಗಿನ ಶಿಸ್ತು, ಅಲ್ಲೇ ಕೇಳ್ಕೋಬೇಕು.

ನಾಪೋಕ್ಲು_ನಾಡು:
ಥ್ಯಾಂಕ್ಸ್ ವಕೀಲ್ರೆ, ಹಾಕ್ತೀನಿ. ಸ್ಕ್ರೀನ್‌ಶಾಟ್ ಇದೆ.

ಶನಿವಾರಸಂತೆ_ಹೈದ:
ಇಷ್ಟೆಲ್ಲಾ ಯಾಕೆ, ಈಗ ಎಐ ಕೇಳಿದ್ರೆ ಆಯ್ತಲ್ಲ, ಅದು ಯಾವ ಪ್ರಶ್ನೆನೂ ಮುಚ್ಚಲ್ಲ.

ಪೊನ್ನಂಪೇಟೆ_ಫಾರೆಸ್ಟ್ರಿ:
ಮುಚ್ಚಲ್ಲ, ತಪ್ಪು ಹೇಳಿದ್ರೆ ತಿದ್ದೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೇಲಿ ಬಂತು, ಡಿಸೆಂಬರ್ ಮೊದಲ ವಾರದಲ್ಲೇ ಸ್ಟ್ಯಾಕ್ ಓವರ್‌ಫ್ಲೋ ಅದ್ರಿಂದ ಬರೆಸಿದ ಉತ್ತರ ಹಾಕ್ಬೇಡಿ ಅಂತ ನಿಷೇಧ ಮಾಡ್ತು. ನೋಡೋಕೆ ಸರಿ ಅನ್ಸುತ್ತೆ, ಒಳಗೆ ತಪ್ಪಿರುತ್ತೆ ಅಂತ.

ಸಂಪಾಜೆ_ಘಾಟಿ:
ಮಾದಾಪುರದವ್ರೆ, ಗಿಡದ ಕಥೆ ಏನಾಯ್ತು? ಕಾಂಡದ ಮೇಲೆ ಉಬ್ಬಿದ ಗೆರೆ ಥರ ಏನಾದ್ರೂ ಇದೆಯಾ?

ಮಾದಾಪುರ_ತೋಟ:
ಇದೆ. ಕೆಲವು ಗಿಡಕ್ಕೆ ತೊಗಟೆ ಕೆಳಗೆ ಬಳ್ಳಿ ಸುತ್ತಿದ ಹಾಗೆ.

ಸಂಪಾಜೆ_ಘಾಟಿ:
ಅದು ಬೋರರ್, ಬಿಳಿ ಕಾಂಡ ಕೊರಕ. ಹುಳ ಕಾಂಡದ ಒಳಗೆ ಕೂತಿರೋವಾಗ ಎಲೆ ಮೇಲೆ ಏನು ಹೊಡೆದ್ರೂ ಪ್ರಯೋಜನ ಇಲ್ಲ. ಹಿಡಿದ ಗಿಡ ಗುರುತು ಮಾಡಿ ಬುಡದಿಂದ ಕಿತ್ತು ಸುಡಿ, ತೋಟದಲ್ಲಿ ರಾಶಿ ಹಾಕಿ ಬಿಡ್ಬೇಡಿ. ಕೀಟ ಹಾರೋದು ಏಪ್ರಿಲ್-ಮೇ, ಆಮೇಲೆ ಅಕ್ಟೋಬರಿಂದ ಡಿಸೆಂಬರ್. ಅದಕ್ಕೆ ಮುಂಚೆ ಉಳಿದ ಗಿಡಕ್ಕೆ ತೊಗಟೆ ಉಜ್ಜೋದು, ಸುಣ್ಣ ಹೊಡಿಯೋದು. 200 ಲೀಟರ್ ನೀರಿಗೆ 20 ಕೆಜಿ ಸ್ಪ್ರೇ ಸುಣ್ಣ. ನೆರಳು ತೀರಾ ಕಡಿಮೆ ಮಾಡಿದ್ರೆ ಜಾಸ್ತಿ ಆಗುತ್ತೆ. ಆದ್ರೂ ಒಂದ್ಸಲ ಚೆಟ್ಟಳ್ಳಿಗೆ ಕಾಂಡದ ತುಂಡು ತಗೊಂಡು ಹೋಗಿ ತೋರ್ಸಿ.

ಕೋಡ್_ಕುಶಾಲನಗರ:
ನೋಡಿ ಅಣ್ಣ, ಯಾವ ಔಷಧಿ ಹೊಡೀಬೇಕು ಅಂತ ಕೇಳಿದ್ರೆ ಉತ್ತರ ಕೊಡೋನು ಮೊದ್ಲು ಯಾವ ರೋಗ ಅಂತ ಊಹೆ ಮಾಡ್ಬೇಕು. ಹಳದಿ ಎಲೆಗೆ ಹತ್ತು ಕಾರಣ ಇರುತ್ತೆ. ಘಾಟಿಯವ್ರು ಕೇಳಿದ್ದು ಒಂದೇ ವಿವರ, ಅಷ್ಟಕ್ಕೇ ಗೊತ್ತಾಯ್ತು.

ಮಾದಾಪುರ_ತೋಟ:
ಸರಿ, ಆದ್ರೆ ಘಾಟಿಯವ್ರು ಕೇಳಿದ್ರು, ನಾನು ಹೇಳ್ದೆ. ಕೇಳಿ ಕಾಯೋದು ಅನ್ನೋದೊಂದು ಇದೆಯಲ್ಲ. ನಾನು ಕೇಳೋದು ಎರಡೇ. ತೆಗೆಯೋ ಮುಂಚೆ ಇಂಥ ದಿನ ತೆಗೀತೀವಿ, ಇಂಥದ್ದು ಸೇರ್ಸಿ ಅಂತ ಒಂದು ಮೇಲ್ ಕಳಿಸ್ಲಿ. ಆಮೇಲೆ, ಗಡುವು ಒಂದ್ ತಿಂಗಳಾದ್ರೂ ಇರಲಿ. ಮೇಷ್ಟ್ರೆ, ಇದ್ರಿಂದ ತಾಣ ಹಾಳಾಗುತ್ತಾ?

ಸೋಮವಾರಪೇಟೆ_ಮೇಷ್ಟ್ರು:
ಮೇಲ್ ಕಳಿಸೋದು ಒಪ್ತೀನಿ. ಒಂದ್ ತಿಂಗಳು ಒಪ್ಪಲ್ಲ, ಅಷ್ಟು ದಿನದಲ್ಲಿ ಸಾವಿರಾರು ಅರ್ಧಂಬರ್ಧ ಪ್ರಶ್ನೆ ಹುಡುಕೋರ ಕಣ್ಣಿಗೆ ಬೀಳ್ತಾ ಇರುತ್ತೆ.

ಕಕ್ಕಬ್ಬೆ_ಜೇನು:
ಮುಚ್ಚಿಟ್ಟು ಹುಡುಕಾಟದಲ್ಲಿ ಕಾಣದ ಹಾಗೆ ಮಾಡ್ಲಿ, ಕೇಳಿದೋರಿಗೆ ಮಾತ್ರ ಕಾಣ್ಲಿ. ಆಗ ಇಬ್ರಿಗೂ ಸರಿ.

ಕೋಡ್_ಕುಶಾಲನಗರ:
ಇದು ಒಳ್ಳೇ ಸಲಹೆ. ಸ್ಟ್ಯಾಕ್ ಎಕ್ಸ್‌ಚೇಂಜ್ ಥರದ ಕಡೆ ನಿಯಮದ ಬಗ್ಗೆನೇ ಚರ್ಚೆ ಮಾಡೋಕೆ ಮೆಟಾ ಅಂತ ಬೇರೆ ವಿಭಾಗ ಇರುತ್ತೆ, ನಿಮ್ಮ ತಾಣದಲ್ಲೂ ಅಂಥ ಜಾಗ ಇದ್ರೆ ಅಲ್ಲಿ ಹಾಕಿ. ಕರೆಂಟ್ ಹೋದ ವಿಷ್ಯ ತಾರೀಕು ಸಮೇತ ಬರೀರಿ, ಅಲ್ಲಿರೋರಿಗೆ ಇಂಥದ್ದೊಂದು ಇದೆ ಅಂತಾನೇ ಗೊತ್ತಿರಲ್ಲ. ಕನ್ನಡದಲ್ಲೇ ಕರಡು ಬರೆದು ನಂಗೆ ಕಳ್ಸಿ, ಇಂಗ್ಲಿಷ್ ನಾನು ಮಾಡ್ಕೊಡ್ತೀನಿ.

ಮಾದಾಪುರ_ತೋಟ:
ಭಾನುವಾರದೊಳಗೆ ಕಳಿಸ್ತೀನಿ ತಮ್ಮ.

ಗೋಣಿಕೊಪ್ಪ_ಅಕ್ಕ:
ಡುಪ್ಲಿಕೇಟ್ ಅಂತ ಮುಚ್ಚೋರು ಯಾಕೆ ಅಂತ ಒಂದ್ ಸಾಲು ಬರೀಲೇಬೇಕು ಅನ್ನೋದನ್ನೂ ಅದ್ರಲ್ಲಿ ಸೇರ್ಸಿ.